ಓದಿಸಿ ಕೇಳಿ ಒಪ್ಪಿದ ಕಾಗದ

ನನ್ನ ಕಾನೂನು ಓದಿನ ಐದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಎಲ್ಲ ಕೊಟ್ಟದ್ದು ಮಾಮ. ಉಮ್ಮನ ಅಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ಇವಳು ಉಂಡ ಮನೆಯ ಲೆಕ್ಕ ತೆಗೆಯುತ್ತಿದ್ದಾಳೆ ಎಂದು ಯಾರಿಗಾದರೂ ಅನಿಸಬಹುದು. ಮಾಮನಿಗೆ ತೋರಿಸಿಯೇ ಇದನ್ನು ಇಲ್ಲಿಗೆ ಕಳಿಸಿದ್ದೇನೆ. "ನನ್ನ ಹೆಸರು ಹಾಕಬೇಡ, ಉಳಿದದ್ದು ನಿನ್ನಿಷ್ಟ" ಎಂದರು.

ನಮ್ಮದು ಉಪ್ಪಳದ ಹತ್ತಿರ. ಉಪ್ಪ ನಾನು ಒಂಬತ್ತನೇ ಕ್ಲಾಸಿನಲ್ಲಿರುವಾಗ ತೀರಿಕೊಂಡರು. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ಲಸ್ ಟು ಆದ ಮೇಲೆ ಟಿ.ಟಿ.ಸಿ. ಮಾಡಿಸಿ ಟೀಚರ್ ಮಾಡಿದರೆ ಸಾಕು ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ಹೆಣ್ಣುಮಗಳು ವಕೀಲೆಯಾದರೆ ಯಾರು ಮದುವೆಯಾಗುತ್ತಾರೆ ಎಂದು ಕೇಳಿದವರೂ ಉಂಟು. ದುಬೈಯಿಂದ ಫೋನ್ ಮಾಡಿದ ಮಾಮ ಮಾತ್ರ, "ಅವಳಿಗೆ ಮಾತಾಡಲು ಬರುತ್ತದಲ್ಲಾ, ಓದಲಿ" ಎಂದರು. ಮಂಗಳೂರು ನಮಗೆ ಹತ್ತಿರ, ಆದರೆ ಖಾಸಗಿ ಕಾಲೇಜಿನ ಫೀಸು ಕೇಳಿ ಉಮ್ಮ ಸುಮ್ಮನಾದಳು. ಹಾಗೆ ಪ್ರವೇಶ ಪರೀಕ್ಷೆ ಬರೆದು 2017ರಲ್ಲಿ ನಾನು ಸೇರಿದ್ದು ಕಣ್ಣೂರು ವಿಶ್ವವಿದ್ಯಾಲಯದ ತಲಶ್ಶೇರಿ ಕ್ಯಾಂಪಸ್ಸಿಗೆ. ಪಾಲಯಾಡಿನಲ್ಲಿ ಇದೆ. ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ.

ವಿಶ್ವವಿದ್ಯಾಲಯ ಎಂದಾಗ ನನ್ನ ತಲೆಯಲ್ಲಿದ್ದದ್ದು ಸಿನೆಮಾದಲ್ಲಿ ಕಾಣುವಂಥ ದೊಡ್ಡ ಗೇಟು, ಗೋಪುರ. ಅಲ್ಲಿ ನೋಡಿದರೆ ಎರಡು ದಿನದಲ್ಲಿ ಎಲ್ಲರ ಮುಖ ಪರಿಚಯವಾಗುವಷ್ಟು ಚಿಕ್ಕ ಜಾಗ. ಲೈಬ್ರರಿಯವರಿಗೆ ಯಾರ ಕೈಯಲ್ಲಿ ಯಾವ ಪುಸ್ತಕ ಇದೆ ಎಂದು ಗೊತ್ತು. ಕ್ಲಾಸು ತಪ್ಪಿಸಿದರೆ ಹಾಜರಿ ಪುಸ್ತಕಕ್ಕಿಂತ ಮೊದಲು ಕ್ಯಾಂಟೀನಿನವರಿಗೆ ಗೊತ್ತಾಗುತ್ತದೆ. ಕಾನೂನು ಓದಿಗೆ ನೂರಕ್ಕೆ ಎಪ್ಪತ್ತು ಹಾಜರಿ ಬೇಕು ಎಂಬುದು ಬಾರ್ ಕೌನ್ಸಿಲ್ ನಿಯಮ, ಹಾಗಾಗಿ ಊರಿಗೆ ಹೋಗಿ ಬರುವ ದಿನಗಳನ್ನೂ ಲೆಕ್ಕ ಹಾಕಿಯೇ ಇಡಬೇಕು.

ಮೊದಲ ವರ್ಷ ನನ್ನ ಕಷ್ಟ ಕಾನೂನಿನದ್ದಲ್ಲ, ಭಾಷೆಯದ್ದು. ಕ್ಲಾಸಿನಲ್ಲಿ ಇಂಗ್ಲಿಷ್, ವರಾಂಡದಲ್ಲಿ ಮಲಯಾಳ, ಪುಸ್ತಕದ ಅಂಚಿನಲ್ಲಿ ಕನ್ನಡ, ಫೋನಿನಲ್ಲಿ ಬ್ಯಾರಿ. ಬ್ಯಾರಿ ಗೊತ್ತಿದ್ದರೆ ಮಲಯಾಳ ಅರ್ಥವಾಗುತ್ತದೆ, ನಿಜ. ಆದರೆ ನಾನು ಬಾಯಿ ತೆರೆದರೆ ಹುಡುಗಿಯರು ನಗುತ್ತಿದ್ದರು. ಅಕ್ಷರವಂತೂ ಬರುತ್ತಲೇ ಇರಲಿಲ್ಲ. ಬಸ್ಸಿನ ಬೋರ್ಡು ಓದಿ ಓದಿ ಕಲಿತೆ, ಮೊದಲು ಕಲಿತ ಪದ 'ತಲಶ್ಶೇರಿ'. ಮಲಯಾಳದಲ್ಲಿ ಜಾಗದ ದಸ್ತಾವೇಜಿಗೆ 'ಆಧಾರಂ' ಎನ್ನುತ್ತಾರೆ. ಸೀನಿಯರ್ ಒಬ್ಬಳು "ಮನೆಗೆ ಆಧಾರಂ ಇಲ್ಲ" ಎಂದಾಗ ನಾನು ಅಯ್ಯೋ ಪಾಪ, ದುಡಿಯುವವರು ಯಾರೂ ಇಲ್ಲವೇನೋ ಎಂದುಕೊಂಡು ಒಂದು ವಾರ ಅವಳ ಮೇಲೆ ಕನಿಕರ ಇಟ್ಟುಕೊಂಡಿದ್ದೆ.

ರೂಮಿನಲ್ಲಿ ಜೊತೆಗಿದ್ದವಳು ಕಣ್ಣೂರಿನ ಮಾಪ್ಪಿಳ ಹುಡುಗಿ. ಒಂದು ಆದಿತ್ಯವಾರ ಅವಳ ಮನೆಗೆ ಹೋದೆ. ದೊಡ್ಡ ಹಳೆಯ ಮನೆ. ಅವಳ ಉಮ್ಮ, ಉಮ್ಮನ ತಂಗಿಯರು ಎಲ್ಲ ಅಲ್ಲೇ. ಮದುವೆಯಾದ ಗಂಡಸರು ಹೆಂಡತಿ ಮನೆಗೆ ಬಂದು ಇರುವುದು ಅವರ ಪದ್ಧತಿ. "ಮನೆ ಯಾರ ಹೆಸರಿನಲ್ಲಿ?" ಎಂದು ಕೇಳಿದೆ. "ಉಮ್ಮನ ಕಡೆಯವರದ್ದು, ಮತ್ತೆ ಯಾರದ್ದು?" ಎಂದು ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. ಮರುಮಕ್ಕತ್ತಾಯಂ ಎಂದು ಮುಂದೆ ಪಾಠದಲ್ಲಿ ಬಂತು. ಮಾಪ್ಪಿಳರ ಈ ತಾಯಿಕಡೆಯ ಕುಟುಂಬಗಳ ಆಸ್ತಿಗೆ ಮದರಾಸು ಸರಕಾರ 1939ರಲ್ಲಿ ಬೇರೆಯೇ ಕಾಯ್ದೆ ಮಾಡಿತ್ತು. ಕಣ್ಣೂರಿನ ಅರಕ್ಕಲ್ ಮನೆತನದಲ್ಲಿ ಹೆಂಗಸರೇ ಗದ್ದುಗೆಯಲ್ಲಿ ಕೂತು ಆಳಿದ್ದಾರೆ. ಒಂದೇ ಕಿಬ್ಲಾ, ಒಂದೇ ರೈಲ್ವೆ ಲೈನು, ಆದರೂ ನಮ್ಮ ಉಮ್ಮನಿಗೆ ತವರು ಎಂದರೆ ಪೆರ್ನಾಳಿಗೆ ಹೋಗಿ ಬರುವ ಮನೆ ಮಾತ್ರ.

ಸೇರಿದ ಸ್ವಲ್ಪ ದಿನದಲ್ಲೇ, ಆಗಸ್ಟ್ 22ಕ್ಕೆ, ತ್ರಿವಳಿ ತಲಾಖಿನ ತೀರ್ಪು ಬಂತು. ಶಾಯರಾ ಬಾನೊ ಪ್ರಕರಣ, ಐವರಲ್ಲಿ ಮೂವರು ಒಂದು ಕಡೆ. ಅಂದು ಕ್ಲಾಸಿನಲ್ಲಿ ಎಲ್ಲರ ಕಣ್ಣು ತಲೆಗೆ ಶಾಲು ಹಾಕಿದ ನಾವು ನಾಲ್ಕೈದು ಜನರ ಕಡೆಗೆ ತಿರುಗಿತು. ನಿನ್ನ ಅಭಿಪ್ರಾಯ ಏನು ಎಂದು ಒಬ್ಬ ಕೇಳಿಯೇ ಬಿಟ್ಟ. ಇನ್ನೂ ತೀರ್ಪು ಓದಿಲ್ಲ ಎಂದೆ. ನಿಜವೂ ಅದೇ. ಆಮೇಲೆ ಹಟಕ್ಕೆ ಬಿದ್ದು ಇಡೀ ತೀರ್ಪನ್ನು ಓದಿದೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಹದಿನೇಳು ದಿನ. ನಾನು ಕಾನೂನು ಓದಲು ಕಲಿತದ್ದು ಆಗ.

ಎರಡನೇ ವರ್ಷದಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು. ಮುಲ್ಲಾ ಅವರ ಪುಸ್ತಕ, ಫೈಜಿ ಅವರ ಪುಸ್ತಕ. ನನಗೆ ಅದರಲ್ಲಿ ಅತಿ ಇಷ್ಟವಾದದ್ದು ಫರಾಯಿಳ್, ಅಂದರೆ ವಾರಸಿನ ಭಾಗದ ಲೆಕ್ಕ. ಮದ್ರಸದಲ್ಲಿ ಹೆಸರು ಕೇಳಿದ್ದೆ, ಲೆಕ್ಕ ಮಾಡಿರಲಿಲ್ಲ. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು. ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಮಗಳಿಗೆ ಅರ್ಧವೇ ಯಾಕೆ ಎಂಬ ಚರ್ಚೆ ಕ್ಲಾಸಿನಲ್ಲಿ ಒಂದು ಗಂಟೆ ನಡೆಯಿತು. ನಾನು ಯೋಚಿಸುತ್ತಿದ್ದದ್ದು ಬೇರೆ. ನಮ್ಮ ಕಡೆ ಆ ಅರ್ಧವಾದರೂ ಯಾರ ಕೈಗೆ ಬಂದಿದೆ?

ಒಂದು ಸಂಗತಿ ನಮ್ಮ ಊರಿನವರಿಗೆ ಗೊತ್ತಿರಬೇಕಾದದ್ದು. 1937ರ ಶರೀಅತ್ ಕಾಯ್ದೆಯಲ್ಲಿ ಕೃಷಿ ಭೂಮಿಯನ್ನು ಹೊರಗೆ ಇಟ್ಟಿದ್ದರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಜಿಲ್ಲೆ ಮದರಾಸಿನಲ್ಲಿ. ಮದರಾಸು 1949ರಲ್ಲಿ ತಿದ್ದುಪಡಿ ಮಾಡಿ ಆ ಅಪವಾದ ತೆಗೆಯಿತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಕೇರಳವೂ 1963ರಲ್ಲಿ ಹಾಗೆಯೇ ಮಾಡಿತು. ಆದ್ದರಿಂದ "ತೋಟಕ್ಕೆ ಫರಾಯಿಳ್ ಇಲ್ಲ, ಗಂಡುಮಕ್ಕಳಿಗೇ" ಎಂದು ಹಿರಿಯರು ಯಾರಾದರೂ ಹೇಳಿದರೆ ಅದು ಸರಿಯಲ್ಲ.

ಮೂರನೇ ವರ್ಷದ ಕೊನೆಗೆ ಕೊರೋನ ಬಂತು. ತಲಪಾಡಿಯಲ್ಲಿ ದಾರಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೋಗುವ ಆಂಬುಲೆನ್ಸು ನಿಂತ ದಿನಗಳನ್ನು ನಿಮಗೆ ನೆನಪಿಸಬೇಕಾಗಿಲ್ಲ. ದೇಶದೊಳಗೆ ತಡೆಯಿಲ್ಲದೆ ಓಡಾಡುವ ಹಕ್ಕು, 19ನೇ ವಿಧಿ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದವಳು ನಾನು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆ ತಡೆ ತೆಗೆಸಬೇಕೆಂದು ಕೇಂದ್ರಕ್ಕೆ ಹೇಳಿದಾಗ ಉಮ್ಮ ಕೇಳಿದಳು: "ಕೋರ್ಟು ಹೇಳಿದರೆ ಮಣ್ಣು ತಾನೇ ಸರಿಯುತ್ತದಾ?" ಉತ್ತರ ನನ್ನ ಹತ್ತಿರ ಇರಲಿಲ್ಲ.

ಇನ್ನು ಕಾಗದದ ವಿಷಯ.

2021ರ ಡಿಸೆಂಬರಿನಲ್ಲಿ ಮಾಮ ರಜೆಯಲ್ಲಿ ಬಂದಿದ್ದರು. ನಾನು ಐದನೇ ವರ್ಷ. ಕ್ರಿಸ್‌ಮಸ್ ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಒಂದು ಹಳೆಯ ಫೈಲು ತಂದು ಕೊಟ್ಟರು. ಅಜ್ಜನ ಜಾಗ, 96 ಸೆಂಟ್ಸ್, ಅವರ ಹೆಸರಿಗೆ ಆಗಬೇಕು. ತೆರಿಗೆ ಇನ್ನೂ ಅಜ್ಜನ ಹೆಸರಿನಲ್ಲೇ ಹೋಗುತ್ತಿದೆ. ಅರ್ಧ ಮಾರಿ ಮಗಳ ಮದುವೆ ಮಾಡಬೇಕು. "ಹೊರಗಿನವರಿಗೆ ಯಾಕೆ ದುಡ್ಡು ಕೊಡುವುದು, ಮನೆಯಲ್ಲೇ ವಕೀಲರು ಇರುವಾಗ. ನೀನು ನೋಡಿ ಏನೆಲ್ಲ ಬೇಕು ಹೇಳು, ಮಗಳೇ" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಫೈಲನ್ನು ಬ್ಯಾಗಿಗೆ ಹಾಕದೆ ಎದೆಗೆ ಒತ್ತಿ ಹಿಡಿದುಕೊಂಡೇ ಕಾಸರಗೋಡಿನಲ್ಲಿ ಪರಶುರಾಮ ಹತ್ತಿದೆ.

ಕಿಟಕಿ ಬಳಿ ಸೀಟು ಸಿಕ್ಕಿತು, ಫೈಲು ಬಿಚ್ಚಿದೆ. ಹಳೆಯ ಕಾಗದಗಳೆಲ್ಲ ಕನ್ನಡದಲ್ಲಿ, ಮೂಲಗೇಣಿ, ಕುಮ್ಕಿ, ಚೆಕ್ಕುಬಂದಿ ಎಂದು ಬರೆದದ್ದು. ನನ್ನ ಕ್ಲಾಸಿನಲ್ಲಿ ಬೇರೆ ಯಾರಿಗೂ ಓದಲು ಬಾರದ ಕಾಗದ ಎಂದು ಇನ್ನಷ್ಟು ಬೀಗಿದೆ. ಅಡಿಯಲ್ಲಿ ಒಂದು ಛಾಪಾ ಕಾಗದ ಇತ್ತು, 1996ರದ್ದು. ಉಮ್ಮನ ಮದುವೆಯ ವರ್ಷ. "ನನ್ನ ತಂದೆಯವರಿಂದ 30 ಪವನ್ ಚಿನ್ನ ಮತ್ತು ಮದುವೆ ಖರ್ಚು ಪೂರ್ತಿ ಸಂದಾಯವಾಗಿದ್ದು, ಮುಂದಕ್ಕೆ ಅವರ ಸ್ಥಿರ ಚರ ಸ್ವತ್ತಿನಲ್ಲಿ ನನಗಾಗಲಿ ನನ್ನ ಸಂತತಿಯವರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ." ಕೆಳಗೆ, ಓದಿಸಿ ಕೇಳಿ ಒಪ್ಪಿ ಸಹಿ ಎಂದು. ಉಮ್ಮನ ಸಹಿ. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ದಪ್ಪ ದಪ್ಪ ಅಕ್ಷರ.

'ನನ್ನ ಸಂತತಿ' ಎಂದರೆ ನಾನು. ಹುಟ್ಟುವ ಮೊದಲೇ ನನ್ನ ಬಗ್ಗೆ ಒಂದು ಕಾಗದ ಆಗಿತ್ತು.

ಇಂಥ ಕಾಗದದ ಬಗ್ಗೆ ನಾವು ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಓದಿದ್ದೆವು. 'ಸ್ಪೆಸ್ ಸಕ್ಸೆಷನಿಸ್' ಎಂದು ಲ್ಯಾಟಿನ್ ಹೆಸರು. ಅಂದರೆ ಮುಂದೆ ಸಿಗಬಹುದು ಎಂಬ ಬರೀ ನಿರೀಕ್ಷೆ. ತಂದೆ ಬದುಕಿರುವಾಗ ಮಗಳಿಗೆ ಆಸ್ತಿಯಲ್ಲಿ ಹಕ್ಕೇ ಹುಟ್ಟಿರುವುದಿಲ್ಲ, ಇಲ್ಲದ ಹಕ್ಕನ್ನು ಬಿಟ್ಟುಕೊಡುವುದು ಹೇಗೆ? 6ನೇ ಸೆಕ್ಷನ್ ಪ್ರಕಾರ ಅದನ್ನು ವರ್ಗಾಯಿಸಲು ಬರುವುದಿಲ್ಲ, ಮುಸ್ಲಿಂ ಕಾನೂನಿನಲ್ಲೂ ಹಾಗೆ. ಹಾಗೆಂದು ಇಲ್ಲಿಗೆ ಮುಗಿಯಲಿಲ್ಲ. ಗುಲಾಂ ಅಬ್ಬಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಗದಕ್ಕೆ ಬೆಲೆ ಇಲ್ಲದಿದ್ದರೂ ಅದರ ಬದಲಿಗೆ ಪ್ರತಿಫಲ ಪಡೆದು ಸುಮ್ಮನಿದ್ದವರು ಆಮೇಲೆ ಬಂದು ಪಾಲು ಕೇಳುವಂತಿಲ್ಲ ಎಂದಿತು. 2011ರಲ್ಲಿ ಕೇರಳದ ಒಂದು ರಾವುತ್ತರ್ ಕುಟುಂಬದ ಪ್ರಕರಣದಲ್ಲೂ ಅದನ್ನೇ ಹೇಳಿತು. ಹಾಗಾದರೆ ಎಲ್ಲ ನಿಂತಿರುವುದು ಆ 30 ಪವನ್ ಮೇಲೆ. ಉಮ್ಮನಿಗೆ ಅದು ನಿಜವಾಗಿ ಸಿಕ್ಕಿತ್ತಾ?

ರೈಲು ಚಂದ್ರಗಿರಿ ಹೊಳೆ ದಾಟುವಾಗ ನೋಟ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ, ಪರೀಕ್ಷೆಯಲ್ಲಿ ಹಾಕಿದ ಹಾಗೆಯೇ. ಅಜ್ಜ ತೀರಿದ್ದು 2004ರಲ್ಲಿ. ಅಜ್ಜಿಗೆ 12 ಸೆಂಟ್ಸ್. ಉಳಿದ 84ರಲ್ಲಿ ಮಾಮನಿಗೆ 42, ಉಮ್ಮನಿಗೆ 21, ಚಿಕ್ಕಮ್ಮನಿಗೆ 21. ಅಜ್ಜಿಯೂ ತೀರಿಕೊಂಡ ಮೇಲೆ ಆ 12 ಸಹ ಹೀಗೆಯೇ ಹಂಚಿ, ಉಮ್ಮನಿಗೆ ಒಟ್ಟು 24. ಎರಡು ಸಲ ತಾಳೆ ನೋಡಿದೆ. ಲೆಕ್ಕ ಸರಿ ಇತ್ತು. ನನಗೆ ತಿಂಡಿ ತಿನ್ನಲು ಆಗಲಿಲ್ಲ, ಉಮ್ಮ ಕಟ್ಟಿಕೊಟ್ಟ ಪತ್ತಿರಿ ಹಾಸ್ಟೆಲಿನವರು ತಿಂದರು.

ಆ ವಾರ ಒಬ್ಬ ಮೇಡಂ ಹತ್ತಿರ ಹೋಗಿ, ಪ್ರಶ್ನೆಪತ್ರಿಕೆಯ ಧಾಟಿಯಲ್ಲಿ, "ಎ ಎಂಬವಳು ಮದುವೆ ಸಮಯದಲ್ಲಿ..." ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿ, "ಎ ನಿನ್ನ ಯಾರು?" ಎಂದರು. ಹೇಳಿದೆ. ಅವರು ಕಾನೂನನ್ನು ಸ್ವಲ್ಪವೇ ಹೇಳಿದರು. ರಿಜಿಸ್ಟ್ರಿ ಆಗದ ಕಾಗದ, ಅದೊಂದು. ಒಬ್ಬ ವಾರಸುದಾರ ಜಾಗದಲ್ಲಿ ಇದ್ದರೆ ಎಲ್ಲರ ಪರವಾಗಿ ಇದ್ದ ಹಾಗೆ, ಉಳಿದವರಿಗೆ ಹಕ್ಕಿಲ್ಲ ಎಂದು ಬಹಿರಂಗವಾಗಿ ಹೊರಗಿಟ್ಟ ಮೇಲೆ ಮಾತ್ರ ಹನ್ನೆರಡು ವರ್ಷದ ಗಡುವು ಓಡಲು ಶುರುವಾಗುವುದು, ಅದೊಂದು. ಆಮೇಲೆ ಹೇಳಿದ್ದು: "ನಿನ್ನ ಮಾಮ ನಿನ್ನ ಕಕ್ಷಿದಾರ, ನಿನ್ನ ತಾಯಿ ಎದುರು ಪಕ್ಷ. ಎರಡೂ ಕಡೆಗೆ ನೀನು ನಿಲ್ಲಲು ಆಗುವುದಿಲ್ಲ. ಮೊದಲು ಯಾರಿಗೆ ಏನು ಹೇಳಬೇಕು ಯೋಚನೆ ಮಾಡು." ವೃತ್ತಿ ಧರ್ಮ ಎಂಬ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕ ಇತ್ತು. ಆ ರಾತ್ರಿ ಅದರಿಂದ ಏನೂ ಉಪಕಾರ ಆಗಲಿಲ್ಲ.

ಫೀಸಿನ ಮಾತು ತಲೆಯಿಂದ ಹೋಗುತ್ತಿರಲಿಲ್ಲ. ಕೊನೆಯ ಸೆಮಿಸ್ಟರಿನ ಫೀಸು ಬಾಕಿ ಇತ್ತು. ಕಾಗದ ನೋಡಿಯೇ ಇಲ್ಲ ಎಂದು ಹೇಳಿದರೆ ಏನಾಗುತ್ತದೆ ಎಂದೂ ಯೋಚಿಸಿದ್ದೇನೆ, ಸುಳ್ಳು ಹೇಳುವುದಿಲ್ಲ.

ಎರಡು ವಾರ ಬಿಟ್ಟು ಊರಿಗೆ ಹೋದೆ. ಉಮ್ಮ ಅಡಿಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದಳು. ಕಾಗದ ತೋರಿಸಿ ನಿನ್ನ ಸಹಿಯಾ ಎಂದು ಕೇಳಿದೆ. ಕೈ ಒರೆಸಿಕೊಂಡು ಬಂದು ನೋಡಿದಳು.

"ಹೌದು. ಮದರಂಗಿ ಹಾಕಿದ ರಾತ್ರಿ. ಕೈ ಒಣಗಿರಲಿಲ್ಲ, ಕಾಗದಕ್ಕೆ ತಾಗುತ್ತದೆ ಎಂದು ಬೈದರು."

"ಇದರಲ್ಲಿ ಏನು ಬರೆದಿದೆ ಗೊತ್ತಾ?"

"ಯಾರು ಓದಿ ಹೇಳಿದ್ದಾರೆ? ಸಹಿ ಹಾಕು ಎಂದರು, ಹಾಕಿದೆ."

ನಾನು ಓದಿದೆ. ನಿಧಾನವಾಗಿ ಕನ್ನಡದಲ್ಲಿ ಓದಿ, ಬ್ಯಾರಿಯಲ್ಲಿ ಅರ್ಥ ಹೇಳಿ. 30 ಪವನ್ ಎಂಬಲ್ಲಿಗೆ ಬಂದಾಗ ಉಮ್ಮ ತಡೆದಳು.

"ಎಷ್ಟು?"

"ಮೂವತ್ತು."

"ಹನ್ನೆರಡು. ಉಳಿದದ್ದು ಅಡಿಕೆ ಮಾರಿದ ಮೇಲೆ ಎಂದಿದ್ದರು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಆ ವರ್ಷ ಮಹಾಳಿ ರೋಗ ಬಂದು ಅಡಿಕೆ ಎಲ್ಲ ಉದುರಿತ್ತು. ಉಪ್ಪ ಏನು ಮಾಡುತ್ತಾರೆ?"

ನಾನು 24 ಸೆಂಟ್ಸಿನ ಲೆಕ್ಕ ಹೇಳಿದೆ. ಉಮ್ಮನಿಗೆ ಸಿಟ್ಟು ಬಂತು, ನನ್ನ ಮೇಲೆ. "ಮಾಮನ ಮೇಲೆ ಕೇಸು ಹಾಕಲು ಅವನ ದುಡ್ಡಿನಲ್ಲೇ ಓದಿದ್ದಾ ನೀನು?" ಕೇಸು ಹಾಕು ಎಂದು ನಾನು ಹೇಳಲಿಲ್ಲ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲಿ ಇದೆ, ನನ್ನನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳು ಎಂದಷ್ಟೇ ಹೇಳಿದೆ. ಉಮ್ಮ ಮತ್ತೆ ಮೀನಿನ ಹತ್ತಿರ ಹೋದಳು. ಊಟ ಮುಗಿಯುವವರೆಗೆ ಮಾತಿಲ್ಲ. ಪಾತ್ರೆ ತೊಳೆಯುವಾಗ ಬೆನ್ನು ಹಾಕಿಕೊಂಡೇ ಹೇಳಿದಳು, "ಬಾವಿಯ ಹತ್ತಿರದ ಜಾಗ. ಕೊಡುವುದಾದರೆ ಅದು ಕೊಡಲಿ. ಕೇಳುವುದು ನಾನು, ನೀನಲ್ಲ."

ನಾನು ಕೇಳಲಿಲ್ಲ. ಆದರೆ ಫೈಲು ವಾಪಸು ಕೊಡಬೇಕಲ್ಲ. ಮಾಮ ದುಬೈಗೆ ಹೊರಡುವ ಮೊದಲು ಹೋಗಿ ಕೊಟ್ಟೆ. ಇದನ್ನು ನನ್ನಿಂದ ಮಾಡಲಾಗದು, ಇದರಲ್ಲಿ ಉಮ್ಮನ ಪಾಲು ಇದೆ, ಬೇರೆ ವಕೀಲರನ್ನು ನೋಡಿ ಎಂದೆ. ಮನೆಯಿಂದ ಹೊರಡುವಾಗ ತಯಾರು ಮಾಡಿಕೊಂಡ ಮಾತು ಒಂದು ಪುಟ ಇತ್ತು, ಬಾಯಿಂದ ಬಂದದ್ದು ಇಷ್ಟೇ. ಮಾಮ ಕಾಗದ ಬಿಡಿಸಿ ನೋಡಿದರು. 1996ರಲ್ಲಿ ಅವರು ಗಲ್ಫಿನಲ್ಲಿದ್ದರು, ಮದುವೆಗೂ ಬರಲು ಆಗಿರಲಿಲ್ಲ.

"ಮೂವತ್ತು ಕೊಟ್ಟಿದ್ದಾರಲ್ಲ?"

"ಹನ್ನೆರಡು ಎನ್ನುತ್ತಾಳೆ ಉಮ್ಮ."

"ಮೂವತ್ತಕ್ಕೆ ನಾನು ದುಡ್ಡು ಕಳಿಸಿದ್ದೆ" ಎಂದರು ಮಾಮ. ಆಮೇಲೆ ಒಳಗೆ ಹೋದರು. ಅತ್ತೆ ಚಾ ತಂದಿಟ್ಟರು. ಮಾಮ ಹೊರಗೆ ಬರಲಿಲ್ಲ.

ಆ ದುಡ್ಡು ಎಲ್ಲಿ ಹೋಯಿತು, ಸಾಲಕ್ಕೋ ತೋಟಕ್ಕೋ, ಹೇಳಬೇಕಾದ ಅಜ್ಜ ಇಲ್ಲ.

ಆಮೇಲೆ ಏಳು ತಿಂಗಳು ಮಾಮನ ಫೋನ್ ಇಲ್ಲ. ಪೆರ್ನಾಳಿನ ದಿನವೂ ಅತ್ತೆಯೇ ಮಾತಾಡಿದ್ದು. ಆದರೆ ಕೊನೆಯ ಸೆಮಿಸ್ಟರಿನ ಫೀಸು ಯಾವಾಗಲೂ ಬರುವ ತಾರೀಕಿಗೆ ಬಂತು, ಒಂದು ರೂಪಾಯಿಯೂ ಕಮ್ಮಿ ಇಲ್ಲದೆ. ಬ್ಯಾಂಕಿನ ಮೆಸೇಜು ನೋಡಿ ಹಾಸ್ಟೆಲಿನ ಮೆಟ್ಟಿಲಲ್ಲಿ ಕೂತು ಅತ್ತೆ. ಅದನ್ನು ಕಟ್ಟಿಯೇ ಪರೀಕ್ಷೆ ಬರೆದೆ.

ಈಗ ಕಾಸರಗೋಡಿನಲ್ಲಿ ಒಬ್ಬರು ಹಿರಿಯ ವಕೀಲರ ಕೈಕೆಳಗೆ ಇದ್ದೇನೆ. ಕನ್ನಡದ ಹಳೆಯ ದಸ್ತಾವೇಜು ಬಂದರೆ ನನ್ನ ಮೇಜಿಗೆ. ಮದುವೆಯ ಹಿಂದಿನ ದಿನ ಬರೆಸಿಕೊಂಡ ಛಾಪಾ ಕಾಗದ ಇದುವರೆಗೆ ಐದು ನೋಡಿದ್ದೇನೆ, ಒಂದೊಂದು ಮನೆಯದ್ದು, ಒಕ್ಕಣೆ ಹೆಚ್ಚುಕಮ್ಮಿ ಒಂದೇ. ಕನ್ನಡದಲ್ಲಿ ಬರೆದ ಅರ್ಜಿ ಒಂದು ಕಚೇರಿಯಲ್ಲಿ ವಾಪಸು ಕೊಟ್ಟರು ಎಂದು ನೆರೆಮನೆಯವರು ಬಂದಾಗ, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪುಟ ಜೆರಾಕ್ಸ್ ಮಾಡಿ ಕೊಟ್ಟೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಿಮಗೂ ಬೇಕಾದರೆ ಕೇಳಿ, ಕಳಿಸುತ್ತೇನೆ.

ಜಾಗ ಹಾಗೆಯೇ ಇದೆ. ಮಾಮ ಮಾರಲಿಲ್ಲ, ಮಗಳ ಮದುವೆಯನ್ನು ಮುಂದೆ ಹಾಕಿದರು. ಉಮ್ಮ ಒಮ್ಮೆ ಕೇಳಿದ್ದಾಳಂತೆ, ಮಾಮ ಹೂಂ ಎಂದರಂತೆ. ಬಾವಿಯ ಹತ್ತಿರ ಎರಡು ಕಲ್ಲು ನೆಟ್ಟಿದ್ದಾರೆ, ಅಳತೆ ಆಗಿಲ್ಲ. ಈ ವರ್ಷದ ತೆರಿಗೆ ನಾನೇ ಕಟ್ಟಿದೆ. ರಶೀದಿಯಲ್ಲಿ ಈಗಲೂ ಅಜ್ಜನ ಹೆಸರು.

ಏಳು ತಿಂಗಳ ಮೇಲೆ ಬಂದ ಮಾಮನ ಫೋನು ಜಾಗದ ಬಗ್ಗೆ ಅಲ್ಲ. ಚಿಕ್ಕ ಮಗಳ ಪ್ಲಸ್ ಟು ಮುಗಿಯುತ್ತದೆ, ಪಾಲಯಾಡಿಗೆ ಸೇರಲು ಯಾವ ಪರೀಕ್ಷೆ ಬರೆಯಬೇಕು ಎಂದು ಕೇಳಿದರು. ಹೇಳಿದೆ. ಬರೆದುಕೊಂಡರು. ಹಾಸ್ಟೆಲಿನಲ್ಲಿ ಊಟ ಹೇಗೆ ಎಂದರು.

"ಮೀನು ಉಂಟು, ಮಾಮ. ಖಾರ ಕಮ್ಮಿ" ಎಂದೆ.